ಹೆಸರಿಲ್ಲದ ಮಾತ್ರೆ

ಗಲ್ಫಿನ ನಜ್ಮಾ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಯಾರಿಗೆ ಮೈಕೈ ನೋವಾದರೂ ಎರಡನೇ ಮಹಡಿಯ ಆಮಿನಮ್ಮನ ಬಾಗಿಲು ತಟ್ಟುತ್ತಾರೆ. ಅವರ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬವೊಂದಿದೆ. ರಜೆಗೆ ಊರಿಗೆ ಹೋದವರು ಬರುವಾಗ ಹಪ್ಪಳ, ಕುಚ್ಚಲಕ್ಕಿಯ ಜೊತೆ ನೋವಿನ ಮಾತ್ರೆಯನ್ನೂ ತರುತ್ತಾರೆ. ಉಳಿದದ್ದು ಈ ಡಬ್ಬಕ್ಕೆ. ಕೇಳಿದವರಿಗೆ ಆಮಿನಮ್ಮ ಮಾತ್ರೆಯ ಪಟ್ಟಿಯಿಂದ ನಾಲ್ಕು ನಾಲ್ಕು ಕತ್ತರಿಸಿ ಕೊಡುತ್ತಾರೆ. ಆ ತುಂಡಿನಲ್ಲಿ ಮಾತ್ರೆಯ ಹೆಸರೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ. ಎಲ್ಲರೂ ಅದನ್ನು 'ಊರಿನ ಮಾತ್ರೆ' ಎನ್ನುತ್ತಾರೆ.

ಆಮಿನಮ್ಮನಿಗೆ ಈಗ ಐವತ್ತೊಂಬತ್ತು. ಮೊಣಕಾಲು ಮಡಚಿದರೆ ಬಿಡಿಸಲಾಗದು. ಬಲಗೈ ಹೆಬ್ಬೆರಳಿನ ಬುಡ ಬೆಳಗಾಗುತ್ತಲೇ ನೋಯುತ್ತದೆ. ಆದರೂ ಹೋದ ವರ್ಷದಿಂದ ಅವರು ಒಂದು ಪುಸ್ತಕ ಬರೆಯುತ್ತಿದ್ದಾರೆ. ಮೂವತ್ತನಾಲ್ಕು ವರ್ಷಗಳಲ್ಲಿ ಈ ಕಟ್ಟಡದಲ್ಲಿ ಇದ್ದು ಹೋದ ಹೆಂಗಸರ ಕಥೆ ಅದು. ಮದುವೆಯಾಗಿ ಬಂದು ಎಂಟು ತಿಂಗಳು ಬಾಗಿಲು ದಾಟದವಳು, ಹೆರಿಗೆ ನೋವಿನಲ್ಲಿ ಗಂಡನ ಡ್ಯೂಟಿ ಮುಗಿಯಲೆಂದು ಕಾದವಳು. ತಾನು ಬರೆಯದಿದ್ದರೆ ಇವರು ಇಲ್ಲಿದ್ದರೆಂಬುದು ಯಾರಿಗೂ ತಿಳಿಯುವುದಿಲ್ಲ ಎಂದು ಆಮಿನಮ್ಮನಿಗೆ ಗೊತ್ತು. ಗಂಡ ಅಲಿಯಬ್ಬ ತನ್ನ ದರ್ಜಿ ಅಂಗಡಿಗೆ ಹೋದ ಮೇಲೆ ಚಾಪೆಯಲ್ಲಿ ಕೂತು, ಮಂಚದ ಮೇಲೆ ನೋಟ್‌ಬುಕ್ ಇಟ್ಟು, ಬಗ್ಗಿ ಬರೆಯುತ್ತಾರೆ. ಬರೆಯುವ ಮೊದಲು ಒಂದು ಮಾತ್ರೆ. ಏಳಲಾಗದಿದ್ದರೆ ಇನ್ನೊಂದು.

ಒಂದು ಮಧ್ಯಾಹ್ನ ಮೇಲಿನ ಮನೆಯ ಮೆಲನಿ ಮೆಟ್ಟಿಲಲ್ಲಿ ಸಿಕ್ಕಳು. ಅವಳು ಕ್ಲಿನಿಕ್ಕೊಂದರಲ್ಲಿ ಫಿಸಿಯೊಥೆರಪಿಸ್ಟ್. ಆಮಿನಮ್ಮ ಗೋಡೆ ಹಿಡಿದು ನಿಂತಿದ್ದರು.

"ಎಂತ ಆಂಟಿ, ಪಾದ ಇಷ್ಟು ಬೀಗಿದೆ?"

"ಪ್ರಾಯ ಆಯ್ತಲ್ಲ ಮೆಲನಿ. ಬೀಗುದೂ ಈಗ ಒಂದು ಕೆಲಸ."

"ಯಾವ ಮಾತ್ರೆ ತಗೊಳ್ತಿದ್ದೀರಿ?"

"ಊರಿಂದು."

"ಮಾತ್ರೆಗೆ ಒಂದು ಹೆಸರಿರ್ತದಲ್ಲ, ಅದು?"

ಆಮಿನಮ್ಮ ಅವಳನ್ನು ಒಳಗೆ ಕರೆದು ಡಬ್ಬ ತೋರಿಸಿದರು. "ಕೆಂಪಿದು ಜೋರು. ಹಳದಿ ಹೊಟ್ಟೆ ಉರೀತದೆ."

"ಎಷ್ಟು ದಿನದಿಂದ?"

"ಬರೀಲಿಕ್ಕೆ ಕೂತಂದಿನಿಂದ."

"ಬಿಪಿ ಉಂಟಾ?"

"ಇದ್ರೆ ಗೊತ್ತಾಗ್ತಿರ್ಲಿಲ್ವಾ?"

"ಹೆಚ್ಚಿನವರಿಗೆ ಗೊತ್ತೇ ಆಗುದಿಲ್ಲ ಆಂಟಿ. ನೋವಿನ ಮಾತ್ರೆ ಕೆಲವನ್ನು ತಿಂಗಳುಗಟ್ಟಲೆ ತಿಂದ್ರೆ ಬಿಪಿ ಏರ್ತದೆ, ಕಿಡ್ನಿಗೆ ಪೆಟ್ಟು ಬೀಳ್ತದೆ. ನಾಳೆ ಹೆಲ್ತ್ ಸೆಂಟರಿಗೆ ಹೋಗುವ. ನಾನೇ ಬರ್ತೇನೆ."

ಆಮಿನಮ್ಮ ಡಬ್ಬದ ಮುಚ್ಚಳ ಹಾಕಿದರು. "ಬೇಡ. ಡಾಕ್ಟರ್ ಎಂತ ಹೇಳ್ತಾರೆ ಅಂತ ಗೊತ್ತುಂಟು. ಬರೆಯುದು ನಿಲ್ಸಿ ಅಂತ. ಇವರೂ ಅದನ್ನೇ ಹೇಳುದು, ಮಗಳೂ ಅದನ್ನೇ ಹೇಳುದು. ಇನ್ನು ಚೀಟಿಯಲ್ಲಿ ಬೇರೆ ಬರೆಸಿಕೊಂಡು ಬರುದು ಯಾಕೆ?"

ಮೆಲನಿ ಅವರ ಬಲಗೈ ಹೆಬ್ಬೆರಳನ್ನು ಮುಟ್ಟಿ ನೋಡಿದಳು. "ಇದೇ ಕೈಯಲ್ಲಿ ರೊಟ್ಟಿ ತಟ್ಟುದು ನಿಲ್ಸಿ ಅಂತ ಯಾರಾದ್ರೂ ಹೇಳಿದ್ದಾರಾ ಆಂಟಿ?"

ಆಮಿನಮ್ಮ ಮರುದಿನ ಬುರ್ಖಾ ಹಾಕಿಕೊಂಡು ಹೊರಟರು.

ಬಿಪಿ ನೂರ ಎಪ್ಪತ್ತು ದಾಟಿತ್ತು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ದಣಿದಿದೆ ಎಂದು ಗೊತ್ತಾಯಿತು, ಕೆಟ್ಟಿರಲಿಲ್ಲ. ಆ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಎಂದು ಡಾಕ್ಟರ್ ಬೇರೆ ಔಷಧ ಬರೆದರು. ಬಾಗಿಲವರೆಗೆ ಹೋದ ಆಮಿನಮ್ಮ ತಿರುಗಿ ಬಂದು ತನ್ನ ಮುರುಕು ಹಿಂದಿಯಲ್ಲಿ ಕೇಳಿದರು: ಬರೆಯಬಹುದೇ? ಬರೆಯಿರಿ, ನೆಲದಲ್ಲಿ ಕೂತು ಬೇಡ ಎಂದರು ಡಾಕ್ಟರ್. ಅಷ್ಟು ಸುಲಭದ ಮಾತು ಕೇಳಿ ಅವರಿಗೆ ಅಳು ಬಂತು.

ಆ ವಾರವೇ ಡಬ್ಬವನ್ನು ವಿಲೇವಾರಿಗೆಂದು ಫಾರ್ಮಸಿಗೆ ಒಪ್ಪಿಸಿದರು. ಕೆಳಗಿನ ಮನೆಯ ಫಸೀಲಾ ಸಿಟ್ಟು ಮಾಡಿದಳು. "ಮಾಮಿ, ಎಲ್ಲರಿಗೂ ಆಗ್ತಿತ್ತಲ್ಲ ಅದು?"

"ಆಗ್ತಿತ್ತಾ ಅಂತ ನಾನು ಯಾರನ್ನೂ ಕೇಳ್ಲಿಲ್ಲ ಫಸೀಲಾ. ಕತ್ತರಿಸಿ ಕೊಟ್ಟೆ, ಅಷ್ಟೆ. ನೀನೂ ಒಮ್ಮೆ ಬಿಪಿ ನೋಡಿಸು."

ಸಂಜೆ ಮೆಲನಿ ಬಂದು ಕಲಿಸಿದಳು. ಕುರ್ಚಿಯಲ್ಲಿ ಕೂತು ಬರೆಯಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಡೆಯಬೇಕು. ಕೂತಲ್ಲೇ ಒಂದೊಂದು ಕಾಲನ್ನೂ ಹತ್ತು ಸಲ ನೇರ ಚಾಚಬೇಕು. ಬೆರಳಿಗೆ ಬಿಸಿನೀರಿನ ಶಾಖ, ಹಿಡಿಯಲು ದಪ್ಪ ಪೆನ್ನು. ಕೈ ಕೇಳದ ದಿನ ಫೋನಿನಲ್ಲಿ ಮಾತಾಡಿ ಇಡಬಹುದು.

ಚಾ ಕುಡಿಯುತ್ತಿದ್ದ ಅಲಿಯಬ್ಬ ನಕ್ಕರು. "ಇಷ್ಟೆಲ್ಲ ಕಷ್ಟಪಟ್ಟು ಬರೆದು ಓದುದು ಯಾರು?"

ಆಮಿನಮ್ಮ ನೋಟ್‌ಬುಕ್ ತೆರೆದು ಅವರ ಮುಂದಿಟ್ಟರು. ಅದು ಪೂವಕ್ಕನ ಪುಟ. ಆರು ವರ್ಷ ಅಲಿಯಬ್ಬನ ಅಂಗಡಿಯ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿದು ಕೊಟ್ಟವಳು. ಕಣ್ಣು ಮಂಜಾದದ್ದನ್ನು ಯಾರಿಗೂ ಹೇಳದೆ, ಬೆರಳಲ್ಲಿ ಮುಟ್ಟಿ ಮುಟ್ಟಿ ಹೊಲಿದವಳು. ಅಲಿಯಬ್ಬ ಓದಿದರು. ಚಾ ತಣ್ಣಗಾಯಿತು.

"ನಾನು ಇವಳನ್ನು 'ಗುಂಡಿಯವಳು' ಅಂತ್ಲೇ ಕರೀತಿದ್ದದ್ದು. ಹೆಸರು ಕೇಳಿರ್ಲಿಲ್ಲ" ಎಂದರು.

ಎರಡು ದಿನದ ಮೇಲೆ ಅಂಗಡಿಯ ಕೆಟ್ಟ ಹೊಲಿಗೆ ಮೆಷಿನ್ನನ್ನು ಬಿಚ್ಚಿಟ್ಟು, ಅದರ ಮೇಜನ್ನು ಹೊತ್ತು ತಂದರು. ಆಮಿನಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೊಣಕೈಯ ಎತ್ತರವನ್ನು ಟೇಪು ಹಿಡಿದು ಅಳೆದರು. "ನಲವತ್ತು ವರ್ಷ ಬಗ್ಗಿ ಹೊಲಿದವ ನಾನು. ಮೇಜಿನ ಎತ್ತರ ನನಗೆ ಗೊತ್ತುಂಟು." ಪೆನ್ನಿಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿದರು. ಆಮೇಲೆ, ಯಾರೂ ಕೇಳದಿದ್ದರೂ, "ರಾತ್ರಿಗೆ ನಾನು ಬೇಕರಿಯಿಂದ ಖುಬ್ಬೂಸ್ ತರ್ತೇನೆ. ನೀನು ರೊಟ್ಟಿ ತಟ್ಟುದು ಖಲಾಸ್" ಎಂದರು.

ನೋವು ಹೋಗಿಲ್ಲ. ಈಗಲೂ ಕೆಲವು ದಿನ ಅರ್ಧ ಪುಟಕ್ಕೇ ಕೈ ಸೋಲುತ್ತದೆ, ಆಮಿನಮ್ಮ ಮಲಗಿಬಿಡುತ್ತಾರೆ. ಆದರೆ ಪುಸ್ತಕ ನಿಂತಿಲ್ಲ. ಬಿಪಿ ಇಳಿದಿದೆ.

ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರೋ ತಂದುಕೊಟ್ಟ, ಹೆಸರು ಗೊತ್ತಿಲ್ಲದ ಮಾತ್ರೆ ಇದ್ದರೆ ನುಂಗಬೇಡಿ, ಹಂಚಬೇಡಿ. ನಲವತ್ತು ದಾಟಿದ್ದರೆ ಬಿಪಿ ನೋಡಿಸಿ. ಪ್ರಾಯದ ನೋವು ಎಂದು ಹಲ್ಲು ಕಚ್ಚಿ ಕೂರಬೇಡಿ. ಡಾಕ್ಟರ ಮುಂದೆ ಕೂತಾಗ ಎಲ್ಲಿ ನೋವು ಎಂದಷ್ಟೇ ಹೇಳಿ ಎದ್ದು ಬರಬೇಡಿ. ನಿಮಗೆ ಇನ್ನೂ ಏನು ಮಾಡಲಿಕ್ಕಿದೆ ಎಂಬುದನ್ನೂ ಹೇಳಿ.