ಸಂಕ್ರಮಣದ ಮೂರು ಮುಳುಗು

ಸುಮಿತ್ರ, ರತ್ನಾಕರ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಜಗಳ ಆಗಿರಲಿಲ್ಲ. ಆಗಿದ್ದರೆ ಎಷ್ಟೋ ವಾಸಿಯಿತ್ತು.

ರತ್ನಾಕರನದು ಕೊಚ್ಚಿಯಲ್ಲಿ ಮೀನುಗಾರಿಕೆ ಕಚೇರಿಯ ಕೆಲಸ. ಬಲೆ ಕಟ್ಟುವುದನ್ನು ಕಲಿಸಲು ಅವನನ್ನು ಆಫ್ರಿಕಾದ ಮಲಾವಿ ದೇಶಕ್ಕೆ ಕಳಿಸಿದ್ದರು. ಅಲ್ಲಿನ ದೊಡ್ಡ ಸರೋವರದ ದಡದಲ್ಲಿ ಎರಡು ವರ್ಷ ಇದ್ದು, 2005ರಲ್ಲಿ ಇಬ್ಬರೂ ಮರಳಿದ್ದರು. ಬಂದ ಮೇಲೆ ಸುಮಿತ್ರಳಿಗೆ ಮುಟ್ಟಲ್ಲದ ದಿನಗಳಲ್ಲೂ ರಕ್ತದ ಕಲೆ, ಬಿಳಿಸೆರಗು, ಕಿಬ್ಬೊಟ್ಟೆಯಲ್ಲಿ ನೋವು. ಮೂತ್ರವೂ ಒಮ್ಮೊಮ್ಮೆ ಕೆಂಪು. ಬಯಸಿದ ಮಗು ನಿಲ್ಲಲಿಲ್ಲ. ಕೊನೆಗೆ ಒಬ್ಬ ವೈದ್ಯರು, ಇದು ಗಂಡ ಹೆಂಡಿರ ನಡುವೆ ಹರಡುವ ಸೋಂಕಿರಬಹುದು, ಯಜಮಾನರನ್ನೂ ಕರೆತನ್ನಿ ಎಂದರು. ಆ ಮಾತು ಮನೆಗೆ ಬಂದು ಇಬ್ಬರ ನಡುವೆ ಕೂತುಬಿಟ್ಟಿತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಹನ್ನೆರಡನೆಯ ದಿನ ಸುಮಿತ್ರ ತಿರುವನಂತಪುರದ ರೈಲು ಹತ್ತಿದಳು. ಕುಂದಾಪುರದಲ್ಲಿ ಜೊತೆಗೆ ಓದಿದ ಗ್ರೇಸಿ ಅಲ್ಲೊಂದು ಆಸ್ಪತ್ರೆಯಲ್ಲಿ ನರ್ಸು, ಮನೆ ತುಂಬ ಎಂಬ ಕಡಲತಡಿಯ ಊರಲ್ಲಿ. ಹಿಂದೆ ನಾಲ್ಕು ವರ್ಷ ಆಫ್ರಿಕಾದಲ್ಲೂ ಕೆಲಸ ಮಾಡಿದವಳು. ಮತ್ತಿ ಮೀನು ಹಸನು ಮಾಡುತ್ತಲೇ ಎಲ್ಲ ಕೇಳಿಸಿಕೊಂಡು, ಕೈ ತೊಳೆದು ಬಂದು ಒಂದೇ ಪ್ರಶ್ನೆ ಕೇಳಿದಳು.

“ಅಲ್ಲಿ ಸರೋವರಕ್ಕೆ ಇಳಿದದ್ದು ಉಂಟಾ?”

ಇಳಿಯದೆ ಏನು? ಪ್ರತಿ ಸಂಕ್ರಮಣಕ್ಕೂ ಗಂಗೆ, ಯಮುನೆ ಎಂದು ನೆನೆದು ಮೂರು ಮುಳುಗು ಹಾಕುತ್ತಿದ್ದಳು. ಪರದೇಶದಲ್ಲಿ ಊರಿನ ಹಾಗೆ ಅನಿಸುತ್ತಿದ್ದದ್ದು ಅದೊಂದೇ.

“ಹಾಗಾದರೆ ಪುಣ್ಯದ ಜೊತೆ ಹುಳವೂ ಬಂದಿರಬಹುದು ಮಾರಾಯ್ತಿ.”

“ದೇವರನ್ನು ನೆನೆದು ಮುಳುಗಿದ ನೀರು ಕಾಯಿಲೆ ಕೊಡ್ತದಾ?”

“ದೇವರ ಮೇಲೆ ನಾನೆಲ್ಲಿ ದೂರು ಹೇಳಿದೆ? ಬಸವನಹುಳದ ಮೇಲೆ ಹೇಳಿದ್ದು.”

ಆ ಸರೋವರದ ಬಸವನಹುಳಗಳಿಂದ ಕಣ್ಣಿಗೆ ಕಾಣದ ಮರಿಹುಳಗಳು ಹೊರಬರುತ್ತವೆ, ಚರ್ಮದ ಮೂಲಕ ಮೈ ಸೇರುತ್ತವೆ, ಅವುಗಳ ಮೊಟ್ಟೆ ಮೂತ್ರಕೋಶದಲ್ಲೂ ಗರ್ಭಕೋಶದ ಬಾಯಲ್ಲೂ ಸಿಕ್ಕಿಕೊಂಡು ಹುಣ್ಣಾಗುತ್ತದೆ ಎಂದು ಗ್ರೇಸಿ ವಿವರಿಸಿದಳು. ಒಬ್ಬರಿಂದ ಒಬ್ಬರಿಗೆ ನೇರವಾಗಿ ಅಂಟುವ ರೋಗ ಅದಲ್ಲ. ಸುಮಿತ್ರ ಪೂರ್ತಿ ನಂಬಲಿಲ್ಲ. ಆದರೂ ಮರುದಿನ ಆಸ್ಪತ್ರೆಗೆ ಹೋದಳು. ಮೊಟ್ಟೆ ಸಿಗುವುದು ನಡುಹಗಲಿನ ಮೂತ್ರದಲ್ಲೇ ಹೆಚ್ಚು ಎಂದು, ಹನ್ನೆರಡು ಗಂಟೆಗೆ ಅವಳನ್ನು ಮೆಟ್ಟಿಲು ಹತ್ತಿಸಿ ಇಳಿಸಿ ಮೂತ್ರ ತೆಗೆದುಕೊಂಡರು. ಸೂಕ್ಷ್ಮದರ್ಶಕದಲ್ಲಿ ಅವಳೇ ನೋಡಿದಳು: ಒಂದು ತುದಿಯಲ್ಲಿ ಪುಟ್ಟ ಮುಳ್ಳಿದ್ದ ಮೊಟ್ಟೆ.

ಅಲ್ಲಿಂದಲೇ ಫೋನ್ ಮಾಡಿದಳು.

“ನಿಮ್ಮಿಂದ ಬಂದದ್ದಲ್ಲ ಅಂತೆ ಇದು.”

ಆ ಕಡೆಯಿಂದ ರತ್ನಾಕರ ಮೆಲ್ಲಗೆ ಕೇಳಿದ, “ನಿನ್ನಿಂದಲೂ ಅಲ್ವಾ?”

ಹನ್ನೊಂದು ದಿನ ಅವನೂ ಅದೇ ಸಂಶಯವನ್ನು ನುಂಗಿಕೊಂಡಿದ್ದ. ಅಂದೇ ರೈಲು ಹತ್ತಿ ಬಂದ. ದಿನವೂ ಬಲೆ ಹಿಡಿದು ಅದೇ ನೀರಲ್ಲಿ ನಿಂತವನು, ಅವನ ಪರೀಕ್ಷೆಯೂ ಆಯಿತು, ಅವನಲ್ಲೂ ಮೊಟ್ಟೆ ಸಿಕ್ಕಿತು. ನಮ್ಮಲ್ಲಿ ಅಪರೂಪದ ಕಾಯಿಲೆಯಾದ್ದರಿಂದ ಮಾತ್ರೆ ತರಿಸಲು ಒಂದು ವಾರ ಹಿಡಿಯಿತು. ತೂಕ ನೋಡಿ ಕೊಟ್ಟ ಮಾತ್ರೆ, ಒಂದೇ ದಿನದ್ದು. ಹುಣ್ಣು ಆರಲು ಮಾತ್ರ ತಿಂಗಳುಗಳೇ ಬೇಕಾದವು.

ಈಗ ರಕ್ತ ನಿಂತಿದೆ. ಮಗುವಿನ ಆಸೆ ಬಿಡಬೇಡಿ ಎಂದಿದ್ದಾರೆ ವೈದ್ಯರು. ಮೊನ್ನೆ ರತ್ನಾಕರನ ಸಹೋದ್ಯೋಗಿಯ ಹೆಂಡತಿ ಶ್ರೀವಿದ್ಯಾ ಮಲಾವಿಯ ಅದೇ ಸರೋವರದ ಊರಿಗೆ ಹೊರಟಾಗ, ಬೀಳ್ಕೊಡುವ ಚಹಾದ ನಡುವೆ, ಗಂಡಸರೂ ಕೂತಿದ್ದಾಗಲೇ ಸುಮಿತ್ರ ತನ್ನ ಕಥೆಯನ್ನೆಲ್ಲ ಹೇಳಿದಳು. ರತ್ನಾಕರ ಎದ್ದು ಹೋಗಲಿಲ್ಲ. ಅವಳು ಮರೆತ ಒಂದೆರಡು ಮಾತನ್ನೂ ಸೇರಿಸಿದ. ಸಂಕ್ರಮಣದ ಸ್ನಾನವನ್ನು ಈಗ ಬಚ್ಚಲಲ್ಲೇ ಮಾಡುತ್ತೇನೆ, ಗಂಗೆಯ ಜೊತೆಗೆ ಗ್ರೇಸಿಯ ಹೆಸರನ್ನೂ ಹೇಳುತ್ತೇನೆ ಎಂದು ಸುಮಿತ್ರ ಅಂದಾಗ ಎಲ್ಲರೂ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ.

ಅಕ್ಕ, ತಂಗಿ, ಪರದೇಶಕ್ಕೆ ಹೋದಾಗ ಅಲ್ಲಿನ ಕೆರೆ, ಸರೋವರಕ್ಕೆ ಇಳಿಯುವ ಮೊದಲು ವಿಚಾರಿಸಿ. ಇಳಿದಿದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಸುಮಿತ್ರಳಿಗೆ ಹಾಗೆ ಕೇಳುವವಳೊಬ್ಬಳು ಸಿಕ್ಕಿದಳು. ನೀವು ಕಾಯುತ್ತ ಕೂರಬೇಡಿ.