ಮೋಟರು ಬಂದ ವಾರ

ತಟ್ಟೆ ಮೂರನೇ ಸುತ್ತು ಹೊರಟಿತು. ಮರಗೆಣಸಿನ ರೊಟ್ಟಿಯ ತುಂಡನ್ನು ಎಲ್ಲರೂ ತೆಗೆದುಕೊಂಡರು. ಪಕ್ಕದಲ್ಲಿದ್ದ ಮಾಂಬಾದ ಬೋಗುಣಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹುರಿದ ಕಡಲೆಕಾಯಿಗೆ ಖಾರದ ಮೆಣಸಿನಕಾಯಿ ಹಾಕಿ ನುಣ್ಣಗೆ ಅರೆದ ಮಾಂಬಾ ಸವರದೆ ಆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅಂಗಳದಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಒಣ ರೊಟ್ಟಿಯನ್ನೇ ಕಾಫಿಯಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದರು. ಬೆಳಿಗ್ಗೆ ಇಲ್ಮೀಸ್ ಚಮಚದಿಂದ ಎಳೆದ ಸುಳಿ ಬೋಗುಣಿಯ ಮೇಲೆ ಹಾಗೇ ಇತ್ತು.

ಇಲ್ಮೀಸಳ ತಂಗಿ ರೋಸ್ಮೆನ್ ಸತ್ತು ಒಂಬತ್ತು ದಿನವಾಗಿತ್ತು. ಇವತ್ತು ಕೊನೆಯ ಪ್ರಾರ್ಥನೆ. ಮುದುಕ ಫೆನೆಲೋಂ ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಲ್ಯಾಟಿನ್ನನ್ನೂ ಊರಿನ ಕ್ರಿಯೋಲ್ ಮಾತನ್ನೂ ಬೆರೆಸಿ ಓದಿ ಮುಗಿಸಿದ್ದ. ಮಾವಿನ ಮರದ ಕೆಳಗೆ ಗಂಡಸರು ಡೊಮಿನೋ ಬಿಲ್ಲೆಗಳನ್ನು ಮೇಜಿಗೆ ಕುಟ್ಟುತ್ತಿದ್ದರು. ಎಲ್ಲವೂ ಕ್ರಮದಂತೆಯೇ ನಡೆದಿತ್ತು, ಆ ಬೋಗುಣಿಯೊಂದನ್ನು ಬಿಟ್ಟು.

"ತಗೊಳ್ಳಿ ಮದಾಮ್ ಕ್ಲೆರ್ಸಿಯಾ," ಎಂದಳು ಇಲ್ಮೀಸ್.

ಬ್ರೆಡ್ಡು ಮಾರುವ ಕ್ಲೆರ್ಸಿಯಾ ಒಂಬತ್ತು ವರ್ಷದಿಂದ ಇವಳ ಮಾಂಬಾ ಕೊಳ್ಳುವ ಗಿರಾಕಿ. "ಅಯ್ಯೋ, ಬೇಡಮ್ಮಾ. ಈ ನಡುವೆ ಹೊಟ್ಟೆ ಯಾಕೋ ತಡೆಯಲ್ಲ," ಎಂದು ಕೈಯಾಡಿಸಿದಳು. ಇಲ್ಮೀಸ್ ಎರಡು ಹೆಜ್ಜೆ ಮುಂದೆ ಹೋಗುವುದರೊಳಗೆ ಪಕ್ಕದವಳತ್ತ ವಾಲಿ, "ಆ ಮೋಟರು ಪೆಟ್ರೋಲ್ ಒಂದನ್ನೇ ಕುಡಿಯುತ್ತೆ ಅನ್ಕೊಂಡ್ಯಾ? ಅದಕ್ಕೆ ಮುಂಚೆ ಇನ್ನೇನೋ ಕುಡಿಸಿದಾಳೆ," ಎಂದದ್ದು ಕೇಳಿಸಲಿ ಎಂದೇ ಹೇಳಿದ ಹಾಗಿತ್ತು.

ಇಲ್ಲಿ ಯಾರ ವ್ಯಾಪಾರವಾದರೂ ಕುದುರಿದರೆ ಜನ ಹೇಗೆ ಕುದುರಿತು ಎಂದು ಕೇಳುವುದಿಲ್ಲ, ಮನೆಯಲ್ಲಿ ಯಾರು ಸತ್ತರು ಎಂದು ನೋಡುತ್ತಾರೆ. ಮಾಟ ಬಲ್ಲವನ ಹತ್ತಿರ ಹೋಗಿ, ಮನೆಯ ಜೀವವೊಂದನ್ನು ಕೊಟ್ಟು ಅದೃಷ್ಟ ತಂದಳು ಎನ್ನುತ್ತಾರೆ. ಅಂಥವಳ ಕೈಯಡುಗೆ ತಿಂದವರ ಮನೆಗೆ ಮುಂದಿನ ಸರದಿಯಂತೆ. ಗುರುವಾರ ಕಡಲೆಕಾಯಿ ಅರೆಯುವ ಮೋಟರು ಬಂದಿತ್ತು, ಭಾನುವಾರ ಅದುವರೆಗೆ ಕೈಗಿರಣಿಯ ಹಿಡಿ ತಿರುಗಿಸುತ್ತಿದ್ದ ರೋಸ್ಮೆನ್ ಹೋದಳು. ಜನರಿಗೆ ಇನ್ನೇನು ಬೇಕು? ಈ ವಾರ ಮಾರಿದ್ದ ಹನ್ನೊಂದು ಬಾಟಲಿ ಮಾಂಬಾ ಮುಚ್ಚಳ ಕೂಡ ತೆರೆಯದೆ ಬೇಲಿಯ ಬುಡಕ್ಕೆ ವಾಪಸು ಬಂದಿದ್ದವು. ಒಬ್ಬರೂ ದುಡ್ಡು ಕೇಳಿರಲಿಲ್ಲ. ಅದೇ ಇಲ್ಮೀಸಳನ್ನು ಹೆದರಿಸಿತ್ತು.

ಅದೃಷ್ಟ! ಒಂಬತ್ತು ವರ್ಷ ಅಕ್ಕತಂಗಿ ಇಬ್ಬರೂ ಕತ್ತೆಯ ಹಾಗೆ ದುಡಿದಿದ್ದರು. ಊರವರು ಎಸೆದ ಬಾಟಲಿಗಳನ್ನು ಆಯ್ದು, ಬೂದಿ ಹಾಕಿ ಉಜ್ಜಿ, ಕುದಿಸಿ, ತುಂಬಿ, ತಲೆಯ ಮೇಲೆ ಹೊತ್ತು ಸಂತೆಗೆ ನಡೆದಿದ್ದರು. ಉಳಿದವರು ಜೋಳದ ಹಿಟ್ಟು ಬೆರೆಸಿ ಅಗ್ಗಕ್ಕೆ ಮಾರಿದಾಗಲೂ ಇವರು ಬೆರೆಸಲಿಲ್ಲ. ಹುರಿಯುವುದು, ಮಾರುವುದು, ಗಿರಾಕಿಯ ಬಾಯಿ ಮುಚ್ಚಿಸುವುದು ಇಲ್ಮೀಸಳ ಕೆಲಸ. ಮೇಜಿಗೆ ಬಿಗಿದ ಕೈಗಿರಣಿಯ ಹಿಡಿ ತಿರುಗಿಸುವುದು ರೋಸ್ಮೆನ್ನಳ ಕೆಲಸ. ಬೊಬ್ಬೆ ಏಳದಿರಲೆಂದು ಅವಳು ಆ ಹಿಡಿಗೆ ತನ್ನ ಹಳೇ ಲಂಗದ ಪಟ್ಟಿ ಸುತ್ತಿದ್ದಳು.

ಪೇಟೆಯ ದೊಡ್ಡ ಅಂಗಡಿಯವನು ಮೊದಲ ಸಲ ನಲವತ್ತು ಬಾಟಲಿ ಕೇಳಿದ್ದು ಆ ವಾರವೇ. ಬುಧವಾರ ಮಧ್ಯಾಹ್ನ ರೋಸ್ಮೆನ್ ಹಿಡಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ್ದಳು. ಇಲ್ಮೀಸ್ ಬಾಣಲೆಯಿಂದ ಕಣ್ಣೆತ್ತದೆ ಹೇಳಿದ್ದಳು: "ಇದೊಂದು ಬುಟ್ಟಿ ಮುಗಿಸಿಬಿಡೇ. ನಾಳೆ ಮೋಟರು ಬರುತ್ತಲ್ಲ, ಆಮೇಲೆ ವಾರಪೂರ್ತಿ ಮಲಗು, ಯಾರು ಬೇಡ ಅಂತಾರೆ?" ರೋಸ್ಮೆನ್ ಎದ್ದು ಮುಗಿಸಿದಳು. ಮರುದಿನ ಗೋಡೆ ಹಿಡಿದು ಹೊರಗೆ ಬಂದು ಮೋಟರನ್ನು ನೋಡಿ, "ಅಂತೂ ಬಂದ್ಯಾ ಮಾರಾಯ, ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?" ಎಂದು ನಗಿಸಿದಳು. ನಗುವವಳಿಗೆ ಏನಾಗಿರುತ್ತದೆ ಎಂದುಕೊಂಡಿದ್ದಳು ಇಲ್ಮೀಸ್. ಶುಕ್ರವಾರ ಬಾಡಿಗೆ ಬೈಕಿನಲ್ಲಿ, ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಾಗ ಹೊಟ್ಟೆಯೊಳಗೆ ಕರುಳು ಒಡೆದು ವಿಷವೇರಿತ್ತು. ಬುಧವಾರದ ಆ ಮಾತು ತನಗೂ ಸತ್ತವಳಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ ಎಂದು ಇಲ್ಮೀಸ್ ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಒಂಬತ್ತು ದಿನ ಎದ್ದು ಕೂತು ಮಾಡಿದ್ದಳು.

ಇಲ್ಮೀಸ್ ತಟ್ಟೆಯನ್ನು ಮುಂದಿನವರತ್ತ ಚಾಚಿದಳು. ಇವತ್ತು ಈ ಬೋಗುಣಿ ತುಂಬಿದಂತೆಯೇ ಒಳಗೆ ಹೋದರೆ ನಾಳೆ ಸಂತೆಯಲ್ಲಿ ಅವಳ ಮಾಂಬಾವನ್ನು ನಾಯಿಯೂ ಮೂಸುವುದಿಲ್ಲ.

"ಇಲ್ಲಿ ಕೊಡು."

ಮೊದಲ ಸಾಲಿನಲ್ಲಿ ಕರಿಬಟ್ಟೆಯುಟ್ಟು ಕೂತಿದ್ದ ತಾಯಿ ಸೆಲಿಯಾನ್ ಕೈಚಾಚಿದ್ದಳು. ರೊಟ್ಟಿ ಮುರಿದಳು, ಸುಳಿಯ ನಟ್ಟನಡುವೆಯೇ ಅದ್ದಿ ದಪ್ಪಗೆ ಬಳಿದುಕೊಂಡಳು, ಬಾಯಿಗಿಟ್ಟಳು. ಡೊಮಿನೋ ಸದ್ದು ನಿಂತಿತು. ಮಗಳನ್ನು ಕಳೆದುಕೊಂಡ ತಾಯಿ ಅಗಿಯುವುದನ್ನೇ ಎಲ್ಲರೂ ನೋಡಿದರು. ಅವಳು ಅವಸರ ಮಾಡಲಿಲ್ಲ.

"ಉಪ್ಪು ಕಮ್ಮಿ," ಎಂದಳು. ಮತ್ತೊಂದು ತುಂಡು ಅದ್ದಿ ಕ್ಲೆರ್ಸಿಯಾಳ ಮೂಗಿನ ನೇರಕ್ಕೇ ಹಿಡಿದಳು. "ನೀನು ತಿಂದು ಹೇಳೇ ಕ್ಲೆರ್ಸಿಯಾ. ಉಪ್ಪು ಕಮ್ಮಿಯಾಗಿದೆಯೋ, ಇಲ್ಲಾ ನನ್ನ ನಾಲಿಗೆ ಸತ್ತಿದೆಯೋ?"

ಕ್ಲೆರ್ಸಿಯಾ ಅತ್ತ ನೋಡಿದಳು, ಇತ್ತ ನೋಡಿದಳು. ಹೆತ್ತವಳ ಕೈತುತ್ತನ್ನು ಅವಳ ಅಂಗಳದಲ್ಲೇ ಕೂತು ಬೇಡ ಎನ್ನುವ ಗುಂಡಿಗೆ ಅವಳಿಗಿರಲಿಲ್ಲ. ತಿಂದಳು.

"ಒಂದು... ಒಂದು ಚಿಟಿಕೆ ಕಮ್ಮಿ ಅಷ್ಟೆ ಕಣಕ್ಕಾ," ಎಂದಳು.

"ಹಾಗಿದ್ರೆ ನನಗೂ ಸ್ವಲ್ಪ ಹಾಕವ್ವಾ, ಗಂಟಲು ಕಟ್ಟಿಹೋಗಿದೆ," ಎಂದ ಫೆನೆಲೋಂ. ಅಲ್ಲಿಂದ ಮುಂದೆ ಬೋಗುಣಿ ಬರಿದಾಗಲು ಹೊತ್ತು ಹಿಡಿಯಲಿಲ್ಲ.

ಜನ ಚದುರಿದ ಮೇಲೆ ತಾಯಿ ನೀರಿನ ಪೀಪಾಯಿಯ ಪಕ್ಕ ಕೂತು ಬೋಗುಣಿ ತೊಳೆಯುತ್ತಿದ್ದಳು. ಇಲ್ಮೀಸಳಿಗೆ ಅಳು ಉಕ್ಕಿ ಬಂತು. ಒಂಬತ್ತು ದಿನದಲ್ಲಿ ಅವಳು ಅತ್ತದ್ದು ಹೆದರಿಕೆಗೆ. ಈಗ ಬಂದದ್ದು ಪ್ರೀತಿಗೆ.

"ಅಮ್ಮಾ, ಇವತ್ತು ನೀನು ತಿನ್ನದೇ ಇದ್ದಿದ್ರೆ ನಾನು ಮುಳುಗಿ ಹೋಗ್ತಿದ್ದೆ."

"ಅವಳ ರಟ್ಟೆ ಸವೆದಿದೆ ಇದರಲ್ಲಿ. ಬಾಯಿಬಡುಕರು ಮಣ್ಣುಪಾಲು ಮಾಡೋಕೆ ಬಿಡ್ತೀನಾ?"

ಇಲ್ಮೀಸ್ ಪಕ್ಕದಲ್ಲಿ ಕುಕ್ಕರಿಸಿ ತಾಯಿಯ ಭುಜ ಹಿಡಿಯಹೋದಳು. ತಾಯಿ ಸರಿದು ಕೂತಳು. ಬೋಗುಣಿ ಇಬ್ಬರ ನಡುವೆ ಬಂತು.

"ಬುಧವಾರ ನಾನು ಒಳಗೇ ಇದ್ದೆ, ಇಲ್ಮೀಸ್. ನಿದ್ದೆ ಹತ್ತಿರಲಿಲ್ಲ."

ಇಲ್ಮೀಸಳ ಕೈ ಗಾಳಿಯಲ್ಲೇ ಉಳಿಯಿತು.

"ನೀನು ಅವಳನ್ನ ಸೈತಾನನಿಗೆ ಕೊಟ್ಟೆ ಅಂತಾರೆ ಜನ. ಸುಳ್ಳು. ನೀನು ಯಾರಿಗೂ ಕೊಟ್ಟಿಲ್ಲ. ತಲೆಯೆತ್ತಿ ಅವಳ ಮುಖ ನೋಡಲಿಲ್ಲ, ಅಷ್ಟೆ."

"ನನಗೇನು ಗೊತ್ತಿತ್ತಮ್ಮಾ? ಬರೀ ಹೊಟ್ಟೆನೋವು ಅಂತ..."

"ನಾನೂ ಎದ್ದು ಬರಲಿಲ್ಲವಲ್ಲ," ಎಂದಳು ತಾಯಿ. ಬೋಗುಣಿಯ ಅಂಚನ್ನು ಬೆರಳಿನಿಂದ ಉಜ್ಜುತ್ತಲೇ ಇದ್ದಳು, ಅಲ್ಲಿ ಏನೂ ಅಂಟಿರಲಿಲ್ಲ. "ಆ ನಲವತ್ತು ಬಾಟಲಿ ನನಗೂ ಬೇಕಾಗಿತ್ತು."

ತಾಯಿ ಬೋಗುಣಿಯನ್ನು ಬೋರಲು ಹಾಕಿ, ಮಂಡಿಯ ಮೇಲೆ ಕೈಯೂರಿ ಎದ್ದು ಒಳಗೆ ಹೋದಳು.

ಬೆಳಿಗ್ಗೆ ಬೇಲಿಯ ಹತ್ತಿರ ಮೊದಲು ಬಂದವಳು ಕ್ಲೆರ್ಸಿಯಾ. ಬಿಸಿ ಬ್ರೆಡ್ಡೊಂದನ್ನು ಇಲ್ಮೀಸಳ ಕೈಗಿಟ್ಟು, "ಎರಡು ಬಾಟಲಿ ಎತ್ತಿಡಮ್ಮಾ, ನಿನ್ನ ಮಾಂಬಾ ಇಲ್ಲದೆ ನನ್ನ ಬ್ರೆಡ್ಡು ಯಾರು ತಗೋತಾರೆ," ಎಂದು ಏನೂ ಆಗೇ ಇಲ್ಲದವಳಂತೆ ಹಲ್ಲುಕಿರಿದಳು. ಅವಳ ಹಿಂದೆ ಇನ್ನೂ ನಾಲ್ವರು ನಿಂತಿದ್ದರು. ಪೇಟೆಯ ಅಂಗಡಿಯವನಿಂದಲೂ ಸುದ್ದಿ ಬಂದಿತ್ತು: ಈ ಸಲ ಅರವತ್ತು.

ಇಲ್ಮೀಸ್ ಹಗ್ಗ ಎಳೆದಳು. ಮೋಟರು ಮೊದಲ ಎಳೆತಕ್ಕೇ ಶುರುವಾಯಿತು. ಒಂದು ಬುಟ್ಟಿ ಕಡಲೆಕಾಯಿ ಅವಳು ನೋಡನೋಡುತ್ತಿದ್ದಂತೆ ಅರೆದು ಮುಗಿಯಿತು. ಇದಕ್ಕೆ ರೋಸ್ಮೆನ್ನಳಿಗೆ ಅರ್ಧ ದಿನ ಬೇಕಾಗುತ್ತಿತ್ತು.

ತಾಯಿ ಹೊರಗೆ ಬಂದಳು. ಇವಳತ್ತ ನೋಡದೆ ಮೂಲೆಯ ಕೈಗಿರಣಿಯ ಹತ್ತಿರ ಹೋಗಿ, ಹಿಡಿಗೆ ಸುತ್ತಿದ್ದ ಲಂಗದ ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿದಳು. ಇಲ್ಮೀಸ್ ಮೋಟರು ನಿಲ್ಲಿಸಲು ಕೈಚಾಚಿದಳು.

"ನಿಲ್ಲಿಸಬೇಡ," ಎಂದಳು ತಾಯಿ, ಸದ್ದಿನ ಮೇಲೆ ದನಿ ಏರಿಸಿ. "ಜನ ಕಾಯ್ತಿದಾರೆ. ಉಪ್ಪು ನೋಡಿ ಹಾಕು."

ಪಟ್ಟಿಗೆ ಸೋಪು ಹಚ್ಚಿ ಎರಡೆರಡು ಸಲ ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದಳು. ಆಮೇಲೆ ಬೆನ್ನು ಮಾಡಿ ಕೂತು ಬಾಟಲಿಗಳಿಗೆ ಮುಚ್ಚಳ ತಿರುಗಿಸತೊಡಗಿದಳು. ಬಿಸಿಲೇರುವ ಹೊತ್ತಿಗೆ ಬಟ್ಟೆ ಒಣಗಿ ಹಗುರಾಯಿತು. ಅದರ ನಡುವೆ, ಅಂಗೈ ಹಿಡಿಯುತ್ತಿದ್ದ ಜಾಗದಲ್ಲಿ, ಎಣ್ಣೆಯ ಕಂದು ಕಲೆ ಹಾಗೇ ಉಳಿದಿತ್ತು.