ಬಾಗಿಲಲ್ಲಿ ನಿಂತವರು

ಕುರ್ಚಿ ಹೆಣೆಯುವವರ ಮನೆಯಲ್ಲಿ ಯಾರೂ ಸದ್ದಿಲ್ಲದೆ ನಡೆಯುತ್ತಿರಲಿಲ್ಲ. ಕಣ್ಣಿಲ್ಲದ ಎಂಟು ಜನ ಒಂದೇ ಸೂರಿನಡಿ ಬದುಕುವಾಗ ಸದ್ದು ಮಾಡುವುದೇ ಮರ್ಯಾದೆ. ಬರುವಾಗ ಕೆಮ್ಮಬೇಕು, ಇಲ್ಲವೇ ಕೋಲು ಕುಟ್ಟಬೇಕು, ಏನೂ ತೋಚದಿದ್ದರೆ 'ನಾನು, ನಾನು' ಅನ್ನುತ್ತಾ ಹೋಗಬೇಕು. ಕೆಳಗಿನ ಹಜಾರದಲ್ಲಿ ಕೆಲಸ, ಮಹಡಿಯಲ್ಲಿ ವಾಸ. ಮೆಟ್ಟಿಲ ಪಕ್ಕದ ಗೋಡೆಗೆ ಬಿಗಿದಿದ್ದ ಹಗ್ಗ ಎಲ್ಲರ ಅಂಗೈ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು.

ಅವರಲ್ಲಿ ಹಿರಿಯಳು ಬೆತ್ತದಕ್ಕ. ಹುಡುಗಿಯಾಗಿದ್ದಾಗಲೇ ಕಣ್ಣು ಹೋಗಿ, ಅಂದಿನಿಂದ ಬೆತ್ತದ ಸೀಳನ್ನೇ ನಂಬಿದವಳು. ಅವಳೆದುರಿಗೆ ಕೂತು ಹೆಣೆಯುತ್ತಿದ್ದವನು ರೇಡಿಯೋ ಮಾವ. ಅವನು ಅಲ್ಲಿ ಯಾರಿಗೂ ಮಾವನಲ್ಲ, ಆದರೂ ಎಲ್ಲರಿಗೂ ಮಾವ. ಹಗಲೆಲ್ಲ ಕಿವಿಗೆ ರೇಡಿಯೋ ಒತ್ತಿಕೊಂಡು, ಕೇಳಿದ ಸುದ್ದಿಗೆ ತನ್ನದೂ ನಾಲ್ಕು ಮಾತು ಸೇರಿಸಿ ಹಜಾರಕ್ಕೆಲ್ಲ ಹಂಚುತ್ತಿದ್ದ. ಸಕ್ಕರೆ ಕಾಯಿಲೆ ಹಳೆಯದು. "ಇಷ್ಟು ಸಕ್ಕರೆ ಇಟ್ಕೊಂಡೂ ಇರುವೆ ಮುತ್ತಿಲ್ವಲ್ಲ, ಪುಣ್ಯವಂತ ನಾನು" ಅಂತ ತನ್ನನ್ನೇ ಗೇಲಿ ಮಾಡಿಕೊಳ್ಳುವ ಸ್ವಭಾವ.

ಸಾಂಕ್ರಾಮಿಕದ ಸುದ್ದಿಯನ್ನೂ ಮನೆಗೆ ತಂದವನು ಅವನೇ. ಕೈ ತೊಳೀಬೇಕಂತೆ, ಮೂಗು ಬಾಯಿ ಮುಚ್ಕೋಬೇಕಂತೆ. ಅಷ್ಟರಲ್ಲಿ ಬಸ್ಸುಗಳು ನಿಂತವು. ಅಡುಗೆಯವಳು ಬರುವುದು ನಿಂತಿತು. ಊಟದ ಪೊಟ್ಟಣಗಳನ್ನು ಯಾರೋ ಹೊಸ್ತಿಲಲ್ಲಿಟ್ಟು, ಬಾಗಿಲು ಬಡಿದು, ಓಡಿಹೋಗತೊಡಗಿದರು.

ಒಂದು ಬೆಳಿಗ್ಗೆ ಬಾಗಿಲ ಬಳಿ ಹಸಿ ಅಂಟಿನ ವಾಸನೆ. ಗೋಡೆಗೆ ಯಾರೋ ದೊಡ್ಡದೊಂದು ಕಾಗದ ಹಚ್ಚಿ ಹೋಗಿದ್ದರು. ಎಂಟು ಜನವೂ ಸಾಲಾಗಿ ನಿಂತು, ಒಬ್ಬರಾದ ಮೇಲೊಬ್ಬರು ಅದನ್ನು ಮೇಲಿಂದ ಕೆಳಗೆ ಸವರಿದರು. ಗಾಜಿನಂತೆ ನುಣುಪು. ಬೆರಳಲ್ಲಿ ಓದುವ ಬ್ರೈಲಿನ ಒಂದು ಚುಕ್ಕೆಯೂ ಸಿಗಲಿಲ್ಲ.

"ಭಾರಿ ಮುಖ್ಯವಾದ ವಿಷಯ ಇರ್ಬೇಕು ಕಣ್ರೋ. ನಾನಂತೂ ಒಂದಕ್ಷರ ಬಿಡದೆ ಓದ್ಬಿಟ್ಟೆ" ಅಂದ ರೇಡಿಯೋ ಮಾವ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು.

ಆಮೇಲೆ ಆ ಮನೆಯ ಮೇಲ್ವಿಚಾರಕರಿಗೆ ಫೋನ್ ಮಾಡಿದಳು.

"ನೋಟಿಸ್ ಹಾಕ್ಸಿದೀನಲ್ಲಮ್ಮ, ಅದರ ಪ್ರಕಾರ ನಡ್ಕೊಳ್ಳಿ."

"ಓದೋರು ಯಾರು ಸಾರ್?"

ಆ ಕಡೆ ಇನ್ನೊಂದು ಫೋನ್ ಬಡಿದುಕೊಳ್ಳುತ್ತಿತ್ತು. "ಆಮೇಲೆ ಮಾಡ್ತೀನಿ" ಅಂದವರು ಮಾಡಲಿಲ್ಲ. ಅವರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲವೇನೋ.

ಮುಂದಿನ ವಾರ ರೇಡಿಯೋ ಮಾವ ಮಾತು ಕಡಿಮೆ ಮಾಡಿದ. ಅಕ್ಕನ ಕೈ ಅವನ ಕೈಗೆ ತಗುಲಿದಾಗ ಅದು ಕಾದ ಹಂಚಿನಂತಿತ್ತು. "ನೆಗಡಿ ಕಣಕ್ಕ, ಊರಿಗೆಲ್ಲ ಡಂಗುರ ಸಾರಬೇಡ. ಆಸ್ಪತ್ರೆಗೆ ಹೋದೋರು ವಾಪಸ್ ಬರಲ್ವಂತೆ." ಅವಳು ಸುಮ್ಮನಾದಳು. ನೆಗಡಿ ಯಾವುದು, ಮಾರಿ ಯಾವುದು, ಯಾವಾಗ ಯಾರನ್ನು ಕೂಗಬೇಕು ಅನ್ನುವುದನ್ನು ಅವಳಿಗಾದರೂ ಹೇಳಿದವರಾರು? ಕೊನೆಗೊಂದು ಸಂಜೆ ಅವನ ಉಸಿರು ಒಣ ಬೆತ್ತ ಸೀಳಿದಂತೆ ಸದ್ದು ಮಾಡತೊಡಗಿದಾಗ ಎಲ್ಲರೂ ಬೀದಿಗೆ ಬಂದು ಕೂಗಿಕೊಂಡರು. ಆಸ್ಪತ್ರೆಯ ಗಾಡಿ ಬಂತು. ಪ್ಲಾಸ್ಟಿಕ್ ಬಟ್ಟೆಯ ಸರಬರ ಸದ್ದಿನವರು ಇಬ್ಬರು ಒಳಗೆ ಬಂದರು. ಒಂದು ಮಾತೂ ಆಡಲಿಲ್ಲ. ಮಾವನನ್ನು ಎತ್ತಿಕೊಂಡು ಹೋದರು. ಆಮೇಲೆ ಬಂದದ್ದು ಅವನು ತೀರಿಕೊಂಡನೆಂಬ ಫೋನು ಮಾತ್ರ.

ಅವನು ಹೋದ ಮೇಲೆ ಬಾಗಿಲು ಬದಲಾಯಿತು.

ತೆರೆದ ಬಾಗಿಲಿಂದ ಬೀದಿಯ ಸದ್ದು ನೀರಿನಂತೆ ಒಳಗೆ ಹರಿಯುತ್ತದೆ. ಅಲ್ಲಿ ಯಾರಾದರೂ ನಿಂತರೆ ಹರಿಯುವ ನೀರಿಗೆ ಕಲ್ಲು ಅಡ್ಡವಿಟ್ಟಂತಾಗುತ್ತದೆ. ಕಣ್ಣಿದ್ದವರಿಗೆ ಇದು ಗೊತ್ತಾಗದು. ಅಕ್ಕ ಮಧ್ಯಾಹ್ನದ ಹೊತ್ತು ಒಬ್ಬಳೇ ಹೆಣೆಯುತ್ತ ಕೂತಾಗ ಬಾಗಿಲಲ್ಲಿ ಆ ಕಲ್ಲು ಬಂದು ನಿಲ್ಲುತ್ತಿತ್ತು.

"ಯಾರು?"

ಕೋಲು ಚಾಚಿದರೆ ಗಾಳಿ. ಸ್ವಲ್ಪ ಹೊತ್ತಿಗೆ ಬೀದಿಯ ಸದ್ದು ಮತ್ತೆ ಸಲೀಸಾಗಿ ಹರಿಯುತ್ತಿತ್ತು. ಉಳಿದವರಿಗೆ ಹೇಳಿದರೆ ಹೆದರಿಯಾರು ಅಂತ ನುಂಗಿಕೊಂಡಳು. ಆದರೆ ಅವರಾಗಲೇ ಹೆದರಿದ್ದರು. ಹಜಾರಕ್ಕೆ ಬರುವಾಗ ಒಬ್ಬೊಬ್ಬರೂ ಬಾಗಿಲಿಂದ ದೂರ ಸರಿದು, ಗೋಡೆ ಸವರಿಕೊಂಡು ನಡೆಯುತ್ತಿದ್ದುದು ಅವಳ ಕಿವಿಗೆ ಕೇಳುತ್ತಿತ್ತು. ಯಾರೂ ಯಾರನ್ನೂ ಕೇಳಲಿಲ್ಲ.

ಒಂದು ದಿನ ಮತ್ತೆ ಹಾಗೇ ಆಯಿತು. ಅಕ್ಕನ ಬೆರಳು ನಿಂತಿತು. ಆದದ್ದಾಗಲಿ ಅಂದುಕೊಂಡು ಮೆಲ್ಲಗೆ ಕೇಳಿದಳು: "ಮಾವಾ?"

ಬಾಗಿಲು ಬಿಕ್ಕಿತು.

ಅಕ್ಕನ ಕೈಯಲ್ಲಿದ್ದ ಸೀಳು ಕೆಳಗೆ ಬಿತ್ತು.

"ನಾನು... ನರ್ಸು. ಅವತ್ತು ಗಾಡಿಯಲ್ಲಿ ಬಂದಿದ್ದೆ" ಅಂದಿತು ಬಟ್ಟೆಯ ಹಿಂದಿನ ಒಂದು ಹೆಣ್ಣು ದನಿ. "ಕ್ಷಮಿಸಿ ಅಕ್ಕ. ಹತ್ತಿರ ಬರೋ ಹಾಗಿಲ್ಲ. ನೀವೆಲ್ಲ ಚೆನ್ನಾಗಿದೀರಾ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನೋಡ್ಕೊಂಡು ಹೋಗೋರು ಬಾಯಿ ಬಿಡಬಾರದೇನಮ್ಮ? ನಮ್ಮ ಜೀವ ಹೋಯ್ತಲ್ಲ!"

"ಏನಂತ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ. ಮೊನ್ನೆನೂ ಬಂದು ಹಾಗೇ ವಾಪಸ್ ಹೋದೆ. ಎರಡು ಸಲ ಆಯ್ತು."

ಎರಡು ಸಲ. ಅಕ್ಕನ ನೆನಪಿನಲ್ಲಿ ಬಾಗಿಲಿಗೆ ಕಲ್ಲು ಅಡ್ಡ ಬಂದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಆ ಮಾತನ್ನು ಎತ್ತಲಿಲ್ಲ.

"ಅವನು ಏನಾದ್ರೂ ಅಂದ್ನಾ?"

ನರ್ಸಮ್ಮ ದನಿ ತಗ್ಗಿಸಿದಳು. "ಗಾಡಿ ಹತ್ತಿಸಿದ ಮೇಲೆ ಒಂದೇ ಕೇಳಿದ್ರು. ನಮ್ಮನೆ ಗೋಡೆ ಮೇಲೆ ಏನು ಬರ್ದಿದೆ ತಾಯಿ, ಅಂತ. ಅಂಥದ್ದೇ ಕಾಗದ ಗಾಡಿಯೊಳಗೂ ಇತ್ತು, ಓದಿ ಹೇಳ್ದೆ. ಸಕ್ಕರೆ ಕಾಯಿಲೆ ಇದ್ದೋರು, ಉಬ್ಬಸ ಇದ್ದೋರು ಜ್ವರ ಬಂದ ದಿನವೇ ಫೋನ್ ಮಾಡಿ, ಕಾಯಬೇಡಿ. ನಂಬರ್ ಇದು. ಬೇರೆಯವರು ಮುಟ್ಟಿದ್ದನ್ನ ಮುಟ್ಟಬೇಡಿ."

"ಮುಟ್ಟಬೇಡಿ ಅಂತ ಇತ್ತಾ?"

"ಹೂಂ. ಕೇಳಿ ನಕ್ಕರು ಅಕ್ಕ. ಎಂಟು ಜನ ಸೇರಿ ಚೆನ್ನಾಗಿ ಸವರಿದ್ವಲ್ಲ, ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಅಕ್ಕ ಆ ದಿನ ಅತ್ತಳು. ಸಾವಿನ ಸುದ್ದಿ ಬಂದಾಗ ಬಾರದ ಅಳು ಈಗ ಕಟ್ಟೆಯೊಡೆದು ಬಂತು. ನರ್ಸಮ್ಮ ಹೊಸ್ತಿಲಾಚೆ ನಿಂತೇ ಇದ್ದಳು. ಹತ್ತಿರ ಬಂದು ಕೈ ಹಿಡಿಯುವಂತಿರಲಿಲ್ಲ. ಹಾಗಾಗಿ ತಾನಿದ್ದೇನೆಂದು ತಿಳಿಯಲಿ ಅಂತ ಆಗಾಗ ಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಮರುದಿನದಿಂದ ಇಬ್ಬರೂ ಕೆಲಸಕ್ಕೆ ತೊಡಗಿದರು. ನರ್ಸಮ್ಮ ಬೀದಿಯಲ್ಲಿ ನಿಂತು ಕಾಗದವನ್ನು ಮತ್ತೆ ಮತ್ತೆ ಓದಿದಳು; ಒಳಗಿದ್ದವರು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಮೆಟ್ಟಿಲ ಹಗ್ಗ ಬಿಚ್ಚಿದರು. ಅದರ ಬದಲು ಒಬ್ಬೊಬ್ಬರೂ ಕೈಗೊಂದು ಬಟ್ಟೆ ಸುತ್ತಿಕೊಂಡು ಗೋಡೆ ಹಿಡಿದು ಇಳಿಯುವುದು, ಇಳಿದ ಕೂಡಲೇ ಬಟ್ಟೆಯನ್ನು ಸೋಪು ನೀರಿಗೆ ಹಾಕುವುದು ಅಂತಾಯಿತು. ಕುರ್ಚಿಗಳನ್ನು ಉದ್ದದ ಬೆತ್ತದಿಂದ ಅಳೆದು ದೂರ ದೂರ ಇಟ್ಟರು. ಉಷ್ಣಮಾಪಕದ ಗಾಜು ಅವರಿಗೆ ಕಾಣದು. ಅದಕ್ಕೆ ಮಾತಾಡುವ ಯಂತ್ರವೊಂದನ್ನು ನರ್ಸಮ್ಮ ಎಲ್ಲಿಂದಲೋ ಕಾಡಿ ಬೇಡಿ ತಂದಳು. ಅದು ವಿದೇಶಿ ಮೇಡಂ ಒಬ್ಬಳ ದನಿಯಲ್ಲಿ ಜ್ವರ ಹೇಳುತ್ತಿತ್ತು. "ಇವಳಿಗೆ ನಮ್ಮ ಭಾಷೆ ಬರಲ್ಲ, ಆದ್ರೂ ನಮ್ಮ ಮೇಲ್ವಿಚಾರಕರಿಗಿಂತ ಚೆನ್ನಾಗಿ ವಿಷಯ ತಿಳಿಸ್ತಾಳೆ" ಅಂತ ಯಾರೋ ಅಂದರು. ಬಹಳ ದಿನದ ಮೇಲೆ ಹಜಾರದಲ್ಲಿ ನಗು ಎದ್ದಿತು. ಎದ್ದದ್ದು ತಕ್ಷಣವೇ ಅಡಗಿತು. ಆ ಮಾತು ಯಾರ ಬಾಯಲ್ಲಿ ಬರಬೇಕಿತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಕಾಯಿಲೆ ಎರಡನೆಯ ಸಲ ಇನ್ನೂ ಉಗ್ರವಾಗಿ ಬಂದಾಗ ಉಬ್ಬಸವಿದ್ದ ಕಿರಿಯವಳೊಬ್ಬಳಿಗೆ ಜ್ವರ ಕಾಣಿಸಿತು. ಕಾಣಿಸಿದ ದಿನವೇ ಫೋನ್ ಹೋಯಿತು. ಅವಳು ಆಸ್ಪತ್ರೆಗೆ ಹೋಗಿ, ದನಿ ಸೊರಗಿಸಿಕೊಂಡು, ಜೀವಸಹಿತ ಹಿಂದಿರುಗಿದಳು. ಆ ಮನೆಯಿಂದ ಮತ್ತೊಂದು ಹೆಣ ಹೊರಬೀಳಲಿಲ್ಲ.

ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ ನರ್ಸಮ್ಮ ಅಕ್ಕನನ್ನು ಕೇಳಿದಳು. "ಒಂಟಿಯಾಗಿರೋ ವಯಸ್ಸಾದೋರು, ಹಾಸಿಗೆ ಹಿಡಿದೋರು ಈ ಕಡೆ ತುಂಬ ಇದಾರೆ, ಅವರಿಗೂ ಯಾರಾದ್ರೂ ಹೋಗಿ ವಿಷಯ ತಿಳಿಸ್ಬೇಕು. ನಾನು ಹೇಳಿದ್ರೆ ಸರ್ಕಾರದೋಳು ಅಂತ ಬಾಗಿಲು ಹಾಕ್ಕೋತಾರೆ. ನೀವು ಬರ್ತೀರಾ?" ಅಕ್ಕ ಅವಳ ಮೊಣಕೈ ಹಿಡಿದು ಹೊರಟಳು. ಎಷ್ಟೋ ಕಾಲದ ಮೇಲೆ ಇನ್ನೊಬ್ಬರ ಮೈಯ ಬಿಸುಪು ಅಂಗೈಗೆ ತಾಗಿತು.

ಕೊನೆಯ ಮನೆ ಒಂದು ಕಿರಿದಾದ ಮೆಟ್ಟಿಲ ತುದಿಯಲ್ಲಿತ್ತು. ಕೆಳಗಿನ ಅಂಗಡಿಯವನು ಹೇಳಿದ: "ಹಳೇ ವಾಚ್‌ಮನ್ ಒಬ್ರು ಇದಾರೆ, ಶ್ವಾಸಕೋಶ ಸರಿ ಇಲ್ಲ. ಬುಟ್ಟಿಗೆ ಹಗ್ಗ ಕಟ್ಟಿ ಕಿಟಕಿಯಿಂದ ಬಿಡ್ತಾರೆ, ಸಾಮಾನು ಹಾಕ್ತೀನಿ. ಮುಖ ನೋಡಿ ವರ್ಷ ಆಯ್ತು."

ಕದ ತಟ್ಟಿದರು. ಸದ್ದಿಲ್ಲ. "ಇಲ್ವೇನೋ" ಅಂದಳು ನರ್ಸಮ್ಮ. ಅಕ್ಕ ಕದಕ್ಕೆ ಕಿವಿಯಿಟ್ಟಳು. ಒಳಗೆ, ಕದದ ಆ ಬದಿಗೇ, ಒಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರು.

"ಅಣ್ಣಾ, ಇಲ್ಲೇ ನಿಂತಿದೀರಲ್ಲ. ನಾನು ಕುರ್ಚಿ ಹೆಣೆಯೋಳು, ಕಣ್ಣು ಕಾಣಲ್ಲ. ನನಗೆ ಹೆದರ್ತೀರಾ?"

ಎಷ್ಟೋ ಹೊತ್ತಿನ ಮೇಲೆ ಚಿಲಕ ಕರಕರ ಅಂದಿತು. ಮುಚ್ಚಿಟ್ಟ ಕೋಣೆಯ ಗಾಳಿ ಮುಖಕ್ಕೆ ಬಡಿಯಿತು. ತುಕ್ಕು ಹಿಡಿದ ದನಿಯೊಂದು ಕೇಳಿತು:

"ನಾವು ಬಂದು ಹೇಳೋವರೆಗೂ ಆಚೆ ಬರಬೇಡಿ ಅಂತ ಸರ್ಕಾರದೋರು ಅಂದಿದ್ರು. ಯಾರೂ ಬರ್ಲಿಲ್ಲ." ಉಸಿರು ಎಳೆದುಕೊಂಡಿತು. "ಹೇಳೋಕೆ ಬಂದ್ರಾ?"

ಅಕ್ಕ ಕೋಲನ್ನು ಗೋಡೆಗೆ ಒರಗಿಸಿ, ತಡವಿಕೊಂಡು ಹೊಸ್ತಿಲ ಮೇಲೆ ಕೂತಳು.

"ಹೂಂ ಅಣ್ಣ, ಹೇಳೋಕೇ ಬಂದ್ವಿ. ತಡ ಆಯ್ತು. ಕೂತ್ಕೊಳ್ಳಿ" ಅಂದಳು.